ಕರೆಕಲ್ಲಹಟ್ಟಿಯ ಏಳು ನಲವತ್ತರ ಬಸ್ಸು

ಹೆಸರು: ಹಾಲಸ್ವಾಮಿ ಬಿನ್ ಲೇಟ್ ಕೆಂಚಪ್ಪ. ವಯಸ್ಸು: 61 ವರ್ಷ. ಜಾತಿ: ಕುರುಬ. ವೃತ್ತಿ: ಬಸ್ ಚಾಲಕ. ವಾಸ: ಕರೆಕಲ್ಲಹಟ್ಟಿ, ಹೊಸದುರ್ಗ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ.

ದಿನಾಂಕ 20-11-2025ರ ಗುರುವಾರ ಬೆಳಿಗ್ಗೆ 11-10 ಗಂಟೆಗೆ ನನ್ನ ಮೇಲಿನ ದೂರಿನ ಸಂಬಂಧ ಠಾಣೆಗೆ ಹಾಜರಾಗಿ, ಕೇಳಿದ್ದನ್ನೂ ಕೇಳದೆ ಬಿಟ್ಟಿದ್ದನ್ನೂ ಸೇರಿಸಿ ನಾನು ಹೇಳಿ ಬರೆಸುವುದೇನೆಂದರೆ,

ಮೊದಲಿಗೆ ವೃತ್ತಿಯ ವಿಷಯ. ಹೇಳಿಕೆ ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೇಬಲ್ ಚಿಕ್ಕತಿಮ್ಮಪ್ಪನವರು ಆ ಜಾಗದಲ್ಲಿ ಮಾಜಿ ಚಾಲಕ ಎಂದು ಬರೆದಿದ್ದರು. ನಾನು ಅದನ್ನು ಹೊಡೆದು ಹಾಕಿಸಿದ್ದೇನೆ. ನನ್ನ ಲೈಸೆನ್ಸು, ಬ್ಯಾಡ್ಜು ಎರಡೂ ಇನ್ನೂ ಚಾಲ್ತಿಯಲ್ಲಿವೆ. ಮೂವತ್ಮೂರು ವರ್ಷ ಬಸ್ಸು ಓಡಿಸಿದ್ದೇನೆ, ಒಂದು ನಾಯಿಯನ್ನೂ ಸಾಯಿಸಿಲ್ಲ.

ನಮ್ಮ ಊರಿನಿಂದ ಹೊಸದುರ್ಗಕ್ಕೆ 24 ಕಿಲೋಮೀಟರ್. ಊರಿನಿಂದ ಹಾಲುರಾಮೇಶ್ವರದ ಕಡೆಯ ಕ್ರಾಸಿಗೆ ಆರೂವರೆ, ಮಿಕ್ಕಿದ್ದು ಅಲ್ಲಿಂದ ಮುಂದೆ. ಈ ದಾರಿಯಲ್ಲಿ ಎರ್ರಿಸ್ವಾಮಿ ಎಂಬವರ ಖಾಸಗಿ ಬಸ್ಸು ದಿನಾ ಬೆಳಿಗ್ಗೆ 7-40ಕ್ಕೆ ನಮ್ಮ ಊರು ಬಿಟ್ಟು 8-32ಕ್ಕೆ ಹೊಸದುರ್ಗ ಮುಟ್ಟಿ, ಮುಂದೆ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಹೋಗುತ್ತಿತ್ತು. ಹತ್ತೊಂಬತ್ತು ವರ್ಷ ಆ ಬಸ್ಸಿನ ಸ್ಟೇರಿಂಗ್ ಹಿಡಿದವನು ನಾನು. ಬೇರೆ ಬಸ್ಸು ನಮ್ಮ ಊರಿಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಪುಕ್ಕಟೆ ಎಂದು ಎಲ್ಲ ಕಡೆ ಹೇಳುತ್ತಾರೆ. ಹತ್ತುವುದಕ್ಕೆ ಬಸ್ಸು ಬೇಕಲ್ಲ.

ದಿನಾಂಕ 02-09-2024ರಿಂದ ಎರ್ರಿಸ್ವಾಮಿಯವರು ಆ ಬಸ್ಸನ್ನು ನಮ್ಮ ಊರಿಗೆ ಕಳಿಸುವುದನ್ನು ನಿಲ್ಲಿಸಿದರು. ಹಿರಿಯೂರಿನ ಕಡೆ ಕಲೆಕ್ಷನ್ ಚೆನ್ನಾಗಿದೆ ಎಂದು ಅದನ್ನು ಅತ್ತ ತಿರುಗಿಸಿದರು. ಆದರೆ ಕಾಗದದ ಮೇಲೆ ನಮ್ಮ ಊರಿನ ಟ್ರಿಪ್ಪು ನಿಲ್ಲಲಿಲ್ಲ. ಟ್ರಿಪ್ಪು ನಿಂತಿದೆ ಎಂದು ಆರ್‌ಟಿಓ ಕಚೇರಿಗೆ ಗೊತ್ತಾದರೆ ಆ ಟೈಮಿಂಗಿನ ಪರ್ಮಿಟ್ಟು ಇನ್ನೊಬ್ಬರ ಪಾಲಾಗುತ್ತದೆ. ತಾವೂ ಓಡಿಸುವುದಿಲ್ಲ, ಇನ್ನೊಬ್ಬರಿಗೂ ಬಿಡುವುದಿಲ್ಲ. ಇದರಲ್ಲಿ ನನ್ನದೂ ಒಂದು ಪಾಲಿದೆ. ಅದನ್ನು ಕೊನೆಗೆ ಹೇಳುತ್ತೇನೆ. ತಪ್ಪಿಸಿಕೊಳ್ಳುವುದಿಲ್ಲ.

ಬಸ್ಸು ನಿಂತಾಗ ನಮ್ಮ ಊರಿನಿಂದ ಹೊಸದುರ್ಗದ ಕಾಲೇಜಿಗೆ ಹೋಗುವ ಹುಡುಗಿಯರು ಒಂಬತ್ತು ಜನ. ಮೂವರು ಕಾಲೇಜು ಬಿಟ್ಟರು. ಅದರಲ್ಲಿ ಒಬ್ಬಳ ಮದುವೆಯೂ ಆಯಿತು. ಉಳಿದವರಲ್ಲಿ ತಿಪ್ಪಮ್ಮನವರ ಮೊಮ್ಮಗಳು ಜಯಶೀಲಾ ಎಂಬುವವಳು ದಿನಾ ಏಳಕ್ಕೆ ಮನೆ ಬಿಟ್ಟು ಕ್ರಾಸಿನವರೆಗೆ ಆರೂವರೆ ಕಿಲೋಮೀಟರ್ ನಡೆಯುತ್ತಾಳೆ. ಅಲ್ಲಿ 8-30ಕ್ಕೆ ಬರುವ ಬಸ್ಸು ತುಂಬಿದ್ದರೆ ನಿಲ್ಲಿಸುವುದಿಲ್ಲ. ನಿಲ್ಲಿಸದ ದಿನ ಅದೇ ಆರೂವರೆ ಕಿಲೋಮೀಟರ್ ವಾಪಸ್ ನಡೆಯುತ್ತಾಳೆ. ದ್ವಿತೀಯ ಪಿಯುಸಿ. ಹಾಜರಿ ನೂರಕ್ಕೆ ಎಪ್ಪತ್ತೈದು ಇರಬೇಕು, ಅವಳದು ಐವತ್ತೆಂಟು. ಇನ್ನು ಮೇಲೆ ಒಂದು ದಿನವೂ ತಪ್ಪದಿದ್ದರೆ ಮಾತ್ರ ಮಾರ್ಚ್ ಪರೀಕ್ಷೆಗೆ ಕೂರಿಸುವುದಾಗಿ ಕಾಲೇಜಿನವರು ಹೇಳಿದ್ದಾರೆ.

ನಮ್ಮ ಊರಿನಲ್ಲಿ ಸುಚಿತ್ರಾ ಎಂಬ ಹೆಣ್ಣುಮಗಳು ಬಸ್ ಸ್ಟಾಪಿನ ಎದುರು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಹಾಕುವ ಅಂಗಡಿ ಇಟ್ಟಿದ್ದಾಳೆ. ಅಕ್ಟೋಬರ್ ತಿಂಗಳ ಮೊದಲಲ್ಲಿ ಒಂದು ದಿನ ನನ್ನನ್ನು ಕರೆದು, ದೇಶದಲ್ಲಿ ಎಲ್ಲೆಲ್ಲೋ ಜನ ವಿಡಿಯೋ ಗೇಮ್ ಆಡುತ್ತಾ ಅದನ್ನು ಲೈವ್ ತೋರಿಸಿ, ನೋಡುವವರಿಂದ ಆಸ್ಪತ್ರೆಗೆ, ಶಾಲೆಗೆ ಹಣ ಕೂಡಿಸುತ್ತಾರೆ, ನಾವು ಹುಡುಗಿಯರಿಗೆ ಮಾರ್ಚ್‌ವರೆಗೆ ಒಂದು ಬಾಡಿಗೆ ವ್ಯಾನ್ ಮಾಡಿಸೋಣ, ಬಸ್ಸು ಓಡಿಸುವ ಗೇಮ್ ಒಂದಿದೆ, ನೀವು ಓಡಿಸಿ ಎಂದಳು. ಅರವತ್ತಕ್ಕೆ ಅರಳು ಮರಳು ಎಂದು ಊರು ನಗುತ್ತದಮ್ಮ ಎಂದೆ. ನಗಲಿ, ನಗುವುದಕ್ಕೂ ಟಿಕೆಟ್ ಹಾಕೋಣ ಎಂದಳು. ಆ ಮಾತಿಗೆ ನಾನು ಒಪ್ಪಿಕೊಂಡೆ.

ಹಿರಿಯೂರಿನ ಅಂಜನ್ ಎಂಬ ಎಂಜಿನಿಯರಿಂಗ್ ಓದಿದ ಹುಡುಗ ಸುಚಿತ್ರಾಳಿಗೆ ಗೇಮಿನಲ್ಲೇ ಪರಿಚಯ. ಅವನು ಎರಡು ಸಲ ಬೈಕಿನಲ್ಲಿ ನಮ್ಮ ದಾರಿ ಓಡಾಡಿ, ಆ 24 ಕಿಲೋಮೀಟರನ್ನು ಕಂಪ್ಯೂಟರಿನೊಳಗೆ ಕಟ್ಟಿದ. ಹದಿನೇಳು ಹಂಪು, ಬೇವಿನಮರದ ಸ್ಟಾಪು, ಕುರಿ ರೊಪ್ಪ, ದೂರದ ಗುಡ್ಡದ ಮೇಲೆ ಗಾಳಿ ಫ್ಯಾನುಗಳು, ಎಲ್ಲ ಇದ್ದವು. ಒಂದು ಹಂಪು ಬಿಟ್ಟಿದ್ದ. ನಾನು ಮೊದಲ ಸಲ ಓಡಿಸಿದಾಗ ಆ ಜಾಗಕ್ಕೆ ಬಂದು ಸುಮ್ಮನೆ ಬ್ರೇಕ್ ಹಾಕಿದೆ. ಇಲ್ಲಿ ಏನೂ ಇಲ್ಲವಲ್ಲ ಎಂದು ಅವನು ಫೋನಿನಲ್ಲಿ ಕೇಳಿದ. ಐತೆ, ನೀನು ಬಂದು ನೋಡು ಎಂದೆ. ಬಂದು ನೋಡಿ ಹಾಕಿದ. ಸ್ಟೇರಿಂಗು, ಮೂರು ಪೆಡಲ್ಲು ಅವನೇ ಕೊಟ್ಟ ಸಾಮಾನು. ದೂರಿನಲ್ಲಿ ಅದನ್ನು ಜೂಜಿನ ಯಂತ್ರ ಎಂದಿದ್ದಾರೆ, ಅಲ್ಲ. ಠಾಣೆಯವರು ಬೇಕಾದರೆ ಒಂದು ರೌಂಡು ಓಡಿಸಿ ನೋಡಬಹುದು. ಕ್ಲಚ್ ಸ್ವಲ್ಪ ಬಿಗಿ ಇದೆ.

ದಿನಾಂಕ 03-11-2025ರಿಂದ ಭಾನುವಾರ ಬಿಟ್ಟು ದಿನವೂ 7-40ಕ್ಕೆ ಸರಿಯಾಗಿ ನಾನು ಸುಚಿತ್ರಾಳ ಅಂಗಡಿಯಲ್ಲಿ ಕುಳಿತು ಆ ಬಸ್ಸನ್ನು ಹೊರಡಿಸುತ್ತಿದ್ದೆ. ಖಾಕಿ ಅಂಗಿ ಹಾಕಿಕೊಂಡೇ ಕೂರುತ್ತಿದ್ದೆ. ನೋಡುವವರು ಎಷ್ಟಾದರೂ ಕಳಿಸಬಹುದು, ಅದು ಟಿಕೆಟ್. ಯಾವ ಸ್ಟಾಪಿನಲ್ಲಿ ಹತ್ತುತ್ತೇವೆ ಎಂದು ಬರೆದರೆ ಅಲ್ಲಿ ಬಸ್ಸು ನಿಲ್ಲಿಸಿ, ಸುಚಿತ್ರಾ ಅವರ ಹೆಸರು ಕೂಗಿ ಹತ್ತಿಸಿಕೊಳ್ಳುತ್ತಿದ್ದಳು. ಹಣ ಹುಡುಗಿಯರ ತಾಯಂದಿರ ಸಂಘದ ಖಾತೆಗೆ ಹೋಗುತ್ತದೆ. ಪಾಸ್‌ಬುಕ್ ತಂದಿದ್ದೇನೆ, ನೋಡಿಕೊಳ್ಳಬಹುದು. ಹಿಂದೆ ಈ ಬಸ್ಸಿನಲ್ಲಿ ಓದಿಕೊಂಡು ಹೋದವರು ಈಗ ಎಲ್ಲೆಲ್ಲಿದ್ದಾರೋ ಅಲ್ಲಲ್ಲಿಂದ ಹತ್ತಿದರು. ಹೊಳಲ್ಕೆರೆಯ ಮೇಷ್ಟ್ರೊಬ್ಬರು ದಿನಾ ಹನ್ನೊಂದು ರೂಪಾಯಿ ಕಳಿಸಿ, ಚಿಲ್ಲರೆ ಇಲ್ಲ, ಇಳಿಯುವಾಗ ಕೊಡುತ್ತೇನೆ ಎಂದು ಬರೆಯುತ್ತಿದ್ದರು. ಇದು ನನ್ನ ಕಂಡಕ್ಟರಿಗೆ ಅವರು ಹೇಳುತ್ತಿದ್ದ ಹಳೇ ಸುಳ್ಳು.

ಆರನೆಯ ತಾರೀಖು ಚಂದ್ರಕ್ಕ ಎಂಬುವವರು ಭೀಮಸಮುದ್ರದಿಂದ ಹಣ ಕಳಿಸಿ, ಟಿಕೆಟ್ ತಮಗಲ್ಲ, ತೀರಿಕೊಂಡ ತಮ್ಮ ಅವ್ವನಿಗೆ, ಬೇವಿನಮರದ ಹತ್ತಿರ ಹತ್ತಿಸಿಕೊಳ್ಳಿ ಎಂದು ಬರೆದರು. ಆ ಅವ್ವನನ್ನು ನಾನು ಬಲ್ಲೆ. ಮಂಡಿನೋವು, ಮೆಟ್ಟಿಲು ಹತ್ತಲು ಹೊತ್ತು ಹಿಡಿಯುತ್ತಿತ್ತು. ಬೇವಿನಮರದ ಹತ್ತಿರ ನಿಲ್ಲಿಸಿ, ಅವರು ಹತ್ತುವಷ್ಟು ಹೊತ್ತು, ಅಂದಾಜು ಒಂದು ನಿಮಿಷ, ನಿಂತಿದ್ದೆ. ಆಮೇಲೆ ಸುಚಿತ್ರಾ ರೈಟ್ ಎಂದಳು, ಹೊರಡಿಸಿದೆ.

ಈಗ ಹಾರ್ನಿನ ವಿಷಯ. ಗೇಮಿನ ಬಸ್ಸಿನ ಹಾರ್ನು ಆಡಿನ ಮರಿ ಅರಚಿದಂತೆ ಇತ್ತು. ನನಗೆ ನಾಚಿಕೆಯಾಗುತ್ತಿತ್ತು. ಎರ್ರಿಸ್ವಾಮಿಯವರ ಬಸ್ಸಿಗೆ ಮೂರು ಸ್ವರದ ಏರ್ ಹಾರ್ನು ಇತ್ತು. ಊರು ಬಿಡುವ ಮುಂಚೆ ಮೂರು ಸಲ ಊದುವುದು ನನ್ನ ಪದ್ಧತಿ. ಮೊದಲನೆಯದಕ್ಕೆ ಜನ ತಟ್ಟೆ ತೊಳೆಯುತ್ತಿದ್ದರು, ಎರಡನೆಯದಕ್ಕೆ ಚಪ್ಪಲಿ ಮೆಟ್ಟುತ್ತಿದ್ದರು, ಮೂರನೆಯದಕ್ಕೆ ಓಡಿ ಬರುತ್ತಿದ್ದರು. ಬಸ್ಸು ಕೊನೆಯ ದಿನ ಊರಿಗೆ ಬಂದಾಗ ಆ ಹಾರ್ನನ್ನು ನಾನು ಫೋನಿನಲ್ಲಿ ತುಂಬಿಸಿಕೊಂಡಿದ್ದೆ. ದಿನಾಂಕ 16-11-2025ರ ಭಾನುವಾರ ಅಂಜನ್ ಅದನ್ನು ಗೇಮಿನ ಬಸ್ಸಿಗೆ ಹಾಕಿಕೊಟ್ಟ.

ದಿನಾಂಕ 17-11-2025ರ ಸೋಮವಾರ ಬೆಳಿಗ್ಗೆ ಅಂಗಡಿಯ ಮುಂದೆ ಸುಮಾರು ಮೂವತ್ತು ಜನ ನೋಡಲು ಸೇರಿದ್ದರು. ಹಿಂದಿದ್ದವರಿಗೆ ಕೇಳುವುದಿಲ್ಲ ಎಂದಾಗ ಭಜನಾ ಮಂಡಳಿಯ ಸೌಂಡ್ ಬಾಕ್ಸ್ ತರಿಸಿ ಕಂಪ್ಯೂಟರಿಗೆ ಜೋಡಿಸಿದೆವು. ಸುಚಿತ್ರಾ ಸೌಂಡು ಸಣ್ಣದಾಗಿ ಇಟ್ಟಿದ್ದಳು. ದೊಡ್ಡದು ಮಾಡಿದ ಕೈ ನನ್ನದು. ಇದನ್ನು ಅವಳ ಮೇಲೆ ಹಾಕಬಾರದು.

7 ಗಂಟೆ 38 ನಿಮಿಷಕ್ಕೆ ಮೊದಲ ಹಾರ್ನು ಊದಿದೆ. 7-39ಕ್ಕೆ ಎರಡನೆಯದು. 7-40ಕ್ಕೆ ಮೂರನೆಯದು ಊದಿದಾಗ ಹೊರಗೆ ಗಲಾಟೆ ಕೇಳಿಸಿತು. ನಾನು ಗೇರು ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ನಾಲ್ಕೂ ಕಡೆಯ ಇಂಡಿಕೇಟರ್ ಹಚ್ಚಿ ಎದ್ದೆ. ಇದಕ್ಕೆ ಆರೇಳು ಸೆಕೆಂಡು ಹಿಡಿಯಿತು. ಆಟದ ಬಸ್ಸಿಗೆ ಹ್ಯಾಂಡ್ ಬ್ರೇಕ್ ಯಾಕೆ ಎಂದು ಚಿಕ್ಕತಿಮ್ಮಪ್ಪನವರು ಈಗ ನಕ್ಕರು. ಒಳಗೆ ಟಿಕೆಟ್ ತೆಗೆದುಕೊಂಡ ಜನ ಕೂತಿದ್ದಾರೆ. ಬಸ್ಸು ನಿಲ್ಲಿಸದೆ ಸೀಟು ಬಿಟ್ಟು ಏಳುವುದು ನನಗೆ ಬರುವುದಿಲ್ಲ.

ಹೊರಗೆ ಬಂದು ನೋಡಿದರೆ, ಎದುರಿನ ಸ್ಟಾಪಿನಲ್ಲಿ ಆರು ಜನ ಚೀಲ ಹಿಡಿದುಕೊಂಡು ನಿಂತಿದ್ದರು. ಒಬ್ಬರ ಕೈಯಲ್ಲಿ ಎರಡು ಕೋಳಿ ಇದ್ದವು. ಎಲ್ಲರೂ ರಸ್ತೆಯ ತಿರುವನ್ನೇ ನೋಡುತ್ತಿದ್ದರು. ಹದಿನಾಲ್ಕು ತಿಂಗಳಾದ ಮೇಲೆ ಆ ಹಾರ್ನು ಕೇಳಿ ನಿಜವಾದ ಬಸ್ಸೇ ಬಂತು ಎಂದು ಬಂದಿದ್ದರು. ಅಂಗಡಿಯಿಂದ 180 ಮೀಟರ್ ಆಚೆ ಇರುವ ಮನೆಯಿಂದ ತಿಪ್ಪಮ್ಮ, 66 ವರ್ಷ, ಓಡಿ ಬಂದವರು ಚರಂಡಿಯ ಕಲ್ಲು ಎಡವಿ ಬಿದ್ದಿದ್ದರು. ಬಲಗೈ ಮಣಿಕಟ್ಟು ಸೊಟ್ಟಗಾಗಿತ್ತು. ಅವರ ಹತ್ತಿರ ಚೀಲವಿರಲಿಲ್ಲ, ಕಾಲಿಗೆ ಚಪ್ಪಲಿಯೂ ಇರಲಿಲ್ಲ. ಎಲ್ಲಿಗೆ ಹೊರಟಿದ್ದೆ ತಿಪ್ಪಕ್ಕ ಎಂದು ಕೇಳಿದೆ. ಅವರು ನೆಲದ ಮೇಲಿಂದಲೇ ನನ್ನ ಖಾಕಿ ಅಂಗಿ ಹಿಡಿದುಕೊಂಡು ಹೇಳಿದ ಮಾತನ್ನು ಹೇಳಿದ ಹಾಗೆಯೇ ಬರೆದುಕೊಳ್ಳಬೇಕು.

“ನಾನೆಲ್ಲೂ ಬರಾಕಿಲ್ಲ ಹಾಲಪ್ಪ. ನಮ್ಮ ಜಯಶೀಲಾ ನಡ್ಕಂಡು ಮುಂದೆ ಹೋಗೈತೆ. ದಾರಿಯಾಗೆ ಕಂಡ್ರೆ ಹತ್ತಿಸ್ಕಳಪ್ಪ.”

ನನ್ನ ಹತ್ತಿರ ಬಸ್ಸು ಇರಲಿಲ್ಲ. ಆ ಹೊತ್ತಿಗೆ ಆ ಹುಡುಗಿ ಊರಿನಿಂದ ಮೂರು, ಮೂರೂವರೆ ಕಿಲೋಮೀಟರ್ ದೂರದಲ್ಲಿ ನಡೆಯುತ್ತಿದ್ದಳು. ನಿಜವಾದ ಬಸ್ಸಾಗಿದ್ದರೆ ಆರು ನಿಮಿಷದಲ್ಲಿ ಅವಳನ್ನು ಮುಟ್ಟುತ್ತಿದ್ದೆ. ಆ ಹೆಂಗಸಿನ ಕೈ ಮುರಿದದ್ದಕ್ಕೆ ನಾನೇ ಕಾರಣ ಎಂದು ಬರೆದುಕೊಳ್ಳಿ. ಅದರಲ್ಲಿ ವಾದವಿಲ್ಲ.

ತಿಪ್ಪಮ್ಮನವರನ್ನು ಹೊಸದುರ್ಗದ ಆಸ್ಪತ್ರೆಗೆ ಒಯ್ಯಬೇಕಾಗಿತ್ತು. ಊರಿನ ಒಂದೇ ಆಟೋ ಮದುವೆಗೆ ಹೋಗಿತ್ತು. ಬೈಕಿನ ಮೇಲೆ ಕೂರಿಸಲು ನೋಡಿದೆವು, ತಲೆ ತಿರುಗಿ ವಾಲಿದರು. ಆಂಬುಲೆನ್ಸಿಗೆ ಫೋನು ಮಾಡಿದೆವು, ಇನ್ನೊಂದು ಕೇಸಿಗೆ ಹೋಗಿದೆ, ತಡವಾಗುತ್ತದೆ ಎಂದರು. ಕೊನೆಗೆ 8-50ಕ್ಕೆ ಹಾಲಿನ ಗಾಡಿ ಬಂತು. ಅವರ ಕೈಗೆ ಎರಡು ನೋಟ್‌ಬುಕ್ಕು ಆನಿಸಿ ಟವಲ್ಲು ಕಟ್ಟಿ, ಕ್ಯಾನುಗಳ ನಡುವೆ ಕೂರಿಸಿಕೊಂಡು ನಾನೂ ಹೋದೆ. 9-55ಕ್ಕೆ ಆಸ್ಪತ್ರೆ ಮುಟ್ಟಿದೆವು. ಬಿದ್ದದ್ದು 7-40ಕ್ಕೆ. ಎರಡು ಗಂಟೆ ಹದಿನೈದು ನಿಮಿಷ. 7-40ರ ಬಸ್ಸು ಇದ್ದಿದ್ದರೆ ಐವತ್ತೆರಡು ನಿಮಿಷ.

ಈ ಹೊತ್ತಿನಲ್ಲೆಲ್ಲ ಅಂಗಡಿಯಲ್ಲಿ ಲೈವ್ ನಡೆದೇ ಇತ್ತು. ಗಡಿಬಿಡಿಯಲ್ಲಿ ಆರಿಸುವುದು ಸುಚಿತ್ರಾಳಿಗೂ ನೆನಪಾಗಲಿಲ್ಲ. ಕರೆಕಲ್ಲಹಟ್ಟಿಯ ಸ್ಟಾಪಿನಲ್ಲಿ ಬಸ್ಸು ಇಂಡಿಕೇಟರ್ ಮಿನುಗಿಸಿಕೊಂಡು ನಿಂತಿತ್ತು, ಡ್ರೈವರ್ ಸೀಟು ಖಾಲಿ. ಹೊರಗಿನ ಮಾತುಗಳೆಲ್ಲ ಮೈಕಿನಲ್ಲಿ ನೋಡುವವರಿಗೆ ಕೇಳಿಸಿವೆ. ನಾನು ಮಧ್ಯಾಹ್ನ 1-05ಕ್ಕೆ ವಾಪಸ್ ಬಂದಾಗ 1,140 ಜನ ಆ ನಿಂತ ಬಸ್ಸನ್ನೇ ನೋಡುತ್ತಾ ಕೂತಿದ್ದರು. ಬೆಳಿಗ್ಗೆ ಇನ್ನೂರು ಇದ್ದರು. ಒಬ್ಬರೂ ಟಿಕೆಟ್ ವಾಪಸ್ ಕೇಳಿರಲಿಲ್ಲ. ನಿಧಾನ ಆಗಲಿ, ಅಜ್ಜಿ ಹೇಗಿದ್ದಾರೆ ಎಂದು ಬರೆದಿದ್ದರು. ಬೇರೆ ಬೇರೆ ಊರಿನವರು, ನಮ್ಮ ಊರಿನ ಬಸ್ಸೂ ಹೀಗೇ ನಿಂತಿದೆ ಎಂದು ಊರಿನ ಹೆಸರು ಹಾಕುತ್ತಾ ಹೋಗಿದ್ದರು. ಹೊಳಲ್ಕೆರೆ ಮೇಷ್ಟ್ರು ಮೊದಲ ಬಾರಿಗೆ ಚಿಲ್ಲರೆಯ ಮಾತಿಲ್ಲದೆ ಎರಡು ಸಾವಿರ ಕಳಿಸಿದ್ದರು. ನಾನು ಕೈಕಾಲು ತೊಳೆದುಕೊಂಡು ಬಂದು ಕುಳಿತು ಹ್ಯಾಂಡ್ ಬ್ರೇಕ್ ಇಳಿಸಿ, 2-10ಕ್ಕೆ ಎಲ್ಲರನ್ನೂ ಹೊಸದುರ್ಗಕ್ಕೆ ಇಳಿಸಿದೆ. ಆ ದಿನದ ಟಿಕೆಟ್ಟಿನಿಂದ ವ್ಯಾನಿನ ಬಾಡಿಗೆ ಮಾರ್ಚ್ ಕೊನೆಯವರೆಗೆ ಪೂರ್ತಿಯಾಯಿತು. ಮುರಿದ ಕೈಯಿಂದ ಪೂರ್ತಿಯಾಯಿತು ಎಂದು ನನಗೆ ಖುಷಿಯಾಗಲಿಲ್ಲ.

ದಿನಾಂಕ 19-11-2025ರಂದು ಎರ್ರಿಸ್ವಾಮಿಯವರು ನನ್ನ ಮತ್ತು ಸುಚಿತ್ರಾಳ ಮೇಲೆ ದೂರು ಕೊಟ್ಟಿದ್ದಾರೆ. ಆನ್‌ಲೈನ್ ಜೂಜು ನಡೆಸುತ್ತೇವೆ, ಸುಳ್ಳು ಹಾರ್ನು ಊದಿ ಸಾರ್ವಜನಿಕರನ್ನು ಮೋಸಗೊಳಿಸಿ ಮುದುಕಿಯ ಕೈ ಮುರಿಯಲು ಕಾರಣರಾಗಿದ್ದೇವೆ, ಬಸ್ಸು ಇಲ್ಲ ಎಂದು ಸುಳ್ಳು ಹಬ್ಬಿಸಿ ಅವರ ಮಾನ ಕಳೆದಿದ್ದೇವೆ ಎಂದು ಅದರಲ್ಲಿದೆ. ಬಸ್ಸು ಓಡುತ್ತಿದೆ ಎಂಬುದಕ್ಕೆ ಸಾಕ್ಷಿಯಾಗಿ ದಿನದ ಓಡಾಟ ಬರೆಯುವ ಟ್ರಿಪ್ ಶೀಟಿನ ನಕಲನ್ನು ದೂರಿನ ಜೊತೆ ಲಗತ್ತಿಸಿದ್ದಾರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅಂತ ಇದಕ್ಕೇ ಹೇಳುವುದು. ಚಿಕ್ಕತಿಮ್ಮಪ್ಪನವರು ಆ ನಕಲನ್ನು ನನಗೆ ತೋರಿಸಿದರು. 17-11-2025, ಕರೆಕಲ್ಲಹಟ್ಟಿ, ಹೊರಟ ಸಮಯ ಬೆಳಿಗ್ಗೆ 7-40, ಪ್ರಯಾಣಿಕರು 31 ಎಂದಿದೆ.

ನಾನು ಕೇಳುವುದು ಇಷ್ಟು. ಆ ಬಸ್ಸು 7-40ಕ್ಕೆ ನಮ್ಮ ಊರಿನಲ್ಲಿ ಇದ್ದದ್ದು ನಿಜವಾದರೆ ತಿಪ್ಪಮ್ಮ ನಿಜವಾದ ಬಸ್ಸಿಗೆ ಓಡಿ ಬಂದು ಬಿದ್ದಿದ್ದಾರೆ, ನನ್ನ ಹಾರ್ನಿಗಲ್ಲ. ಆಗ ಕೈ ಮುರಿದವರನ್ನು ಬಿಟ್ಟು 31 ಜನರನ್ನು ಮಾತ್ರ ಹತ್ತಿಸಿಕೊಂಡು ಹೋದ ಆ ಡ್ರೈವರ್ ಯಾರು ಎಂದು ವಿಚಾರಿಸಿ. ಬಸ್ಸು ಇರಲಿಲ್ಲ, ಇದ್ದದ್ದು ನನ್ನ ಹಾರ್ನು ಮಾತ್ರ ಎನ್ನುವುದಾದರೆ ಟ್ರಿಪ್ ಶೀಟು ಸುಳ್ಳು. ಎರಡನ್ನೂ ಒಂದೇ ದೂರಿನಲ್ಲಿ ಹೇಳಲು ಬರುವುದಿಲ್ಲ. ಯಾವುದು ಬೇಕೋ ಓನರೇ ಆರಿಸಿಕೊಳ್ಳಲಿ, ನಾನು ಕಾಯುತ್ತೇನೆ.

ಇಂದು ಬೆಳಿಗ್ಗೆ 10-30ಕ್ಕೆ ಠಾಣೆಯ ಹೊರಗಿನ ಟೀ ಅಂಗಡಿಯಲ್ಲಿ ಎರ್ರಿಸ್ವಾಮಿಯವರು ನನ್ನನ್ನು ಕಂಡು, ಲೈವ್ ನಿಲ್ಲಿಸಿ ವಿಡಿಯೋ ತೆಗೆಸುವುದಾಗಿ ಮುಚ್ಚಳಿಕೆ ಬರೆದುಕೊಟ್ಟರೆ ದೂರು ವಾಪಸ್ ತೆಗೆದುಕೊಳ್ಳುವುದಾಗಿ ಹೇಳಿದರು. ಟೀ ಕೊಡಿಸಿದರು, ಕುಡಿದೆ. ಆ ಹಾರ್ನು ಕಂಪನಿಯದು, ನಿನ್ನಪ್ಪಂದಲ್ಲ ಎಂದರು. ಹಾರ್ನು ಅವರದೇ, ಒಪ್ಪುತ್ತೇನೆ. ಹತ್ತೊಂಬತ್ತು ವರ್ಷ ಊದಿದ ಕೈ ನನ್ನದು. ಆಮೇಲೆ ಅವರು ಧ್ವನಿ ತಗ್ಗಿಸಿ ಹೇಳಿದ್ದು ಹೀಗೆ:

“ಹಾಲಣ್ಣ, ಹಳೇ ಶೀಟ್ನಾಗೆ ನಿನ್ ಸಹಿನೂ ಅವೆ. ನೆನಪೈತಾ?”

ನೆನಪಿದೆ. ಕೊನೆಗೆ ಹೇಳುತ್ತೇನೆ ಎಂದದ್ದು ಇದನ್ನೇ. ಬಸ್ಸು ಹಿರಿಯೂರಿನ ಕಡೆ ತಿರುಗಿದ ಮೇಲೂ, 02-09-2024ರಿಂದ 12-10-2024ರವರೆಗೆ 41 ದಿನ, ಹೋಗದ ಕರೆಕಲ್ಲಹಟ್ಟಿ ಟ್ರಿಪ್ಪಿಗೆ ಡ್ರೈವರ್ ಜಾಗದಲ್ಲಿ ನಾನೇ ಸಹಿ ಹಾಕಿದ್ದೇನೆ. ಯಾರೂ ಕತ್ತು ಹಿಡಿದು ಹಾಕಿಸಲಿಲ್ಲ. ಸಂಬಳ ಬರುತ್ತಿತ್ತು, ಹಾಕಿದೆ. ನಲವತ್ತೊಂದನೆಯ ದಿನ ಸಹಿ ಹಾಕಿ ಬೈಕಿನಲ್ಲಿ ಊರಿಗೆ ಬರುತ್ತಿದ್ದಾಗ, ಜಯಶೀಲಾ ಕಿತ್ತುಹೋದ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಕ್ರಾಸಿನಿಂದ ಊರ ಕಡೆ ನಡೆಯುತ್ತಿದ್ದಳು. ಹತ್ತಿಸಿಕೊಂಡೆ. ಬಸ್ಸು ಕೆಟ್ಟಿದೆಯಾ ಹಾಲಜ್ಜ, ಯಾವಾಗ ರಿಪೇರಿ ಆಗುತ್ತದೆ ಎಂದು ಕೇಳಿದಳು. ಆ ದಿನದ ಶೀಟಿನಲ್ಲಿ 28 ಪ್ರಯಾಣಿಕರು ಎಂದು ಬರೆದು ಬಂದಿದ್ದೆ. ಅದರಲ್ಲಿ ಅವಳೂ ಒಬ್ಬಳು. ಮಾರನೆಯ ದಿನ ಕೆಲಸ ಬಿಟ್ಟೆ. ಊರಿನವರಿಗೆ ಬೆನ್ನುನೋವು ಎಂದು ಹೇಳಿದೆ.

ಇದನ್ನು ಬರೆಸಿದರೆ ನಿನ್ನ ಮೇಲೂ ಕೇಸಾಗುತ್ತದೆ, ಬ್ಯಾಡ್ಜು ಹೋಗಬಹುದು, ಆಮೇಲೆ ಹುಡುಗಿಯರ ವ್ಯಾನು ಓಡಿಸುವ ಕೆಲಸವೂ ನಿನಗೆ ಸಿಗುವುದಿಲ್ಲ, ಯೋಚನೆ ಮಾಡು ಎಂದು ಚಿಕ್ಕತಿಮ್ಮಪ್ಪನವರು ಪೆನ್ನು ಕೆಳಗಿಟ್ಟು ಹೇಳಿದರು. ಅವರು ಒಳ್ಳೆಯದಕ್ಕೇ ಹೇಳಿದ್ದಾರೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಆ 41 ಸಹಿ ನನ್ನವು. ಮಿಕ್ಕ ಹದಿಮೂರು ತಿಂಗಳ ಸಹಿ ಯಾರವು ಎಂದು ಓನರನ್ನು ಕರೆಸಿ ಕೇಳಿ.

ಮುಚ್ಚಳಿಕೆಗೆ ನಾನು ಸಹಿ ಹಾಕುವುದಿಲ್ಲ. ಸುಳ್ಳು ಕಾಗದಕ್ಕೆ ಸಹಿ ಹಾಕುವುದನ್ನು 12-10-2024ರಂದೇ ನಿಲ್ಲಿಸಿದ್ದೇನೆ. ಸೌಂಡ್ ಬಾಕ್ಸ್ ತೆಗೆಸಿದ್ದೇನೆ, ಇನ್ನು ಹಾರ್ನು ಅಂಗಡಿಯ ಹೊಸಿಲು ದಾಟುವುದಿಲ್ಲ. ಲೈವ್ ನಿಲ್ಲುವುದಿಲ್ಲ. ನಿಂತ ಬಸ್ಸಿಗೆ ಊರಿನ ಹೆಸರು ಬರೆದವರು ಇನ್ನೂ ಹದಿನಾರು ಊರಿನವರಿದ್ದಾರೆ. ಒಂದೊಂದು ಊರಿನ ದಾರಿಯನ್ನೂ ಅಂಜನ್ ಕಟ್ಟುತ್ತಿದ್ದಾನೆ, ಆಯಾ ಊರಿನ ಟೈಮಿಗೇ ನಾನು ಓಡಿಸುತ್ತೇನೆ. ಕಂಪ್ಯೂಟರಿನ ಬಸ್ಸಿಗೆ ಬ್ಯಾಡ್ಜು ಬೇಡ.

ಹುಡುಗಿಯರ ವ್ಯಾನು ಸೋಮವಾರ 24ನೆಯ ತಾರೀಖಿನಿಂದ ಹೊರಡುತ್ತದೆ. ನನ್ನ ಬ್ಯಾಡ್ಜು ಇದ್ದರೆ ನಾನು ಓಡಿಸುತ್ತೇನೆ, ಹೋದರೆ ಬೇರೆ ಡ್ರೈವರ್ ಓಡಿಸುತ್ತಾನೆ. ಅವನಿಗೆ ಹದಿನೇಳು ಹಂಪನ್ನೂ ಅಂಜನ್ ಬಿಟ್ಟಿದ್ದ ಇನ್ನೊಂದನ್ನೂ ಹೇಳಿಕೊಟ್ಟಿದ್ದೇನೆ. ನಿನ್ನೆ ಸಂಜೆ ತಿಪ್ಪಮ್ಮನವರು ಪಟ್ಟಿ ಹಾಕಿದ ಕೈ ಎತ್ತಿ ನನ್ನನ್ನು ಕರೆದು, ವ್ಯಾನಿಗೆ ಆ ಹಳೇ ಹಾರ್ನೇ ಇರಲಿ, ಈ ಸಲ ನಿಧಾನಕ್ಕೆ ಬರುತ್ತೇನೆ ಎಂದರು. ಬರುವುದು ಬೇಡ, ಮಗುವನ್ನು ಮನೆ ಬಾಗಿಲಿನಲ್ಲೇ ಹತ್ತಿಸಿಕೊಳ್ಳುತ್ತೇವೆ ಎಂದು ಮಾತು ಕೊಟ್ಟಿದ್ದೇನೆ.

ಮೇಲಿನದನ್ನು ಚಿಕ್ಕತಿಮ್ಮಪ್ಪನವರು ಓದಿ ಹೇಳಿದರು, ನಾನು ಕಿವಿಯಿಟ್ಟು ಕೇಳಿದೆ. ಹೇಳಿದ್ದು ಬಿಟ್ಟುಹೋಗಿಲ್ಲ, ಹೇಳದ್ದು ಸೇರಿಲ್ಲ. ಇದು ನಾನು ನಿಜವಾಗಿ ಓಡಿಸಿದ ಟ್ರಿಪ್ಪು, ಆದ್ದರಿಂದ ಸಹಿ ಹಾಕಿರುತ್ತೇನೆ.

ಸ್ಥಳ: ಹೊಸದುರ್ಗ
ದಿನಾಂಕ: 20-11-2025, ಮಧ್ಯಾಹ್ನ 1-25
ಸಹಿ: ಹಾಲಸ್ವಾಮಿ ಕೆ., ಚಾಲಕ